ತಾಯಕ್ಕನ ಮನೆಯ ಎರಡನೇ ಸೀಡಿ

ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುವವರದೇ ಒಂದು ಓಣಿ. ಅಲ್ಲಿ ತಾಯಕ್ಕನ ಮನೆ ಯಾವುದೆಂದು ಕೇಳಿದರೆ, "ಟಿವಿಗೆ ಬೈಯೋದು ಕೇಳ್ತೈತಲ್ರಿ, ಅದ ಮನಿ" ಎನ್ನುತ್ತಿದ್ದರು. ಗಣಿಯ ಭರಾಟೆಯಲ್ಲಿ ಊರಿಗೆ ದುಡ್ಡು ಹರಿದು ಬಂದ ವರ್ಷಗಳವು. ಗಂಡ ಪಾಲಪ್ಪ ಹೊಸಪೇಟೆಯಿಂದ ಟಿವಿಯನ್ನೂ ಸೀಡಿ ಹಾಕುವ ಡಬ್ಬಿಯನ್ನೂ ತಂದಿಟ್ಟಿದ್ದ. ತಂದವನು ಅವನಾದರೂ ಯಜಮಾನಿಕೆ ಪೂರ್ತಿ ಇವಳದೇ. ಥೇಟರಿನಲ್ಲಿ ಬಾಯಿಬಿಟ್ಟರೆ ಹಿಂದಿನವರು ಗದರುತ್ತಾರೆ. ಮನೆಯಲ್ಲಿ ತಾಯಕ್ಕನನ್ನು ಗದರುವ ಗಂಡಸು ಇನ್ನೂ ಹುಟ್ಟಿರಲಿಲ್ಲ. "ಆ ಬಾಗ್ಲ ತೆಗೀಬ್ಯಾಡ ಹುಚ್ಚಿ, ಅಂವ ಒಳಗದಾನ!" ಎಂದು ನಾಯಕಿಗೆ ಕೂಗಿ ಹೇಳುವಳು. ನಾಯಕಿ ಕೇಳಬೇಕಲ್ಲ, ಬಾಗಿಲು ತೆಗೆದೇಬಿಡುತ್ತಿದ್ದಳು. "ಅನುಭವ್ಸು ಹಂಗಾರ" ಎಂದು ತಾಯಕ್ಕ ಮುಖ ತಿರುಗಿಸುವಳು. ಸ್ವಲ್ಪ ಹೊತ್ತಿಗೆ ಅದೇ ನಾಯಕಿಗಾಗಿ ಇವಳ ಸೆರಗು ಒದ್ದೆಯಾಗಿರುತ್ತಿತ್ತು.

ಆ ಓಣಿಯ ಡ್ರೈವರುಗಳು ಅಮಾವಾಸ್ಯೆಗೆ ಲಾರಿ ಹೊರಡಿಸುತ್ತಿರಲಿಲ್ಲ. ಬೆಳಿಗ್ಗೆ ಲಾರಿ ತೊಳೆದು, ಗಾಲಿಗೆ ನಿಂಬೆಹಣ್ಣು ಇಟ್ಟು ಪೂಜೆ ಮುಗಿಸಿದರೆ ಮಧ್ಯಾಹ್ನ ತಾಯಕ್ಕನ ಮನೆಯಲ್ಲಿ ಸಿನಿಮಾ. ಪಕ್ಕದ ಮನೆಯ ಎರ್ರೆಪ್ಪ, ಅವನ ಹೆಂಡತಿ ಉಚ್ಚಂಗೆಮ್ಮ, ಎದುರುಮನೆಯ ಮುದುಕಿ ಹುಸೇನಮ್ಮ ಇವರೆಲ್ಲ ಹಾಜರು. ಎರ್ರೆಪ್ಪನೂ ಪಾಲಪ್ಪನ ಹಾಗೆ ಡ್ರೈವರು, ಒಳ್ಳೆಯ ಮನುಷ್ಯ. ಸಿನಿಮಾ ಶುರುವಾಗುವುದೇ ತಡ, ಗೋಡೆಗೆ ಒರಗಿ ಗೊರಕೆ ಹೊಡೆಯುವನು. ಎಚ್ಚರಾದಾಗ "ಮುಗೀತಾ?" ಎನ್ನುವನು. ಉಚ್ಚಂಗೆಮ್ಮ ನಾಚಿ ಅವನ ತೊಡೆ ಚಿವುಟುವಳು.

ಒಂದು ಸಿನಿಮಾ ಎಂದರೆ ಎರಡು ಸೀಡಿ. ಮೊದಲನೆಯದು ಹೇಗೋ ಓಡುತ್ತಿತ್ತು, ಎರಡನೆಯದು ತಕರಾರು ಮಾಡುತ್ತಿತ್ತು. ರೊಟ್ಟಿಯ ಹಿಟ್ಟಿಗೇ ಹೊಗುವ ಗಣಿಯ ಕೆಂಧೂಳು ಸೀಡಿಯನ್ನು ಬಿಡುತ್ತದೆಯೇ? ನಾಯಕನ ಮುಖ ಚೌಕ ಚೌಕವಾಗಿ ಒಡೆದು ನಿಂತುಬಿಡುವುದು. ತಾಯಕ್ಕ ಸೀಡಿಗೆ ಊದುವಳು, ಸೆರಗಿನಿಂದ ಒರೆಸುವಳು, ಬೈಯುವಳು. ಯಾವುದಕ್ಕೂ ಜಗ್ಗದಿದ್ದರೆ ಟಿವಿಗೆ ಬೆನ್ನು ಮಾಡಿ ಕೂತು ಉಳಿದ ಕಥೆಯನ್ನು ತಾನೇ ಹೇಳುವಳು. ಕೊನೆಗೆ ಕೈಮುಗಿದು "ಶುಭಂ" ಎನ್ನುವಳು. ಅಲ್ಲಿಯವರೆಗೆ ಯಾರೂ ಏಳುವಂತಿಲ್ಲ. ಅವಳ ತವರು ಚೋರನೂರಿನಲ್ಲಿ ಶ್ರಾವಣದ ಪುರಾಣ ಕೇಳಿ ಮಂಗಳಾರತಿ ತೆಗೆದುಕೊಳ್ಳದೆ ಎದ್ದವರಿಗೆ ಕೇಡು ಎನ್ನುತ್ತಿದ್ದರು. ಪುರಾಣವಾದರೇನು, ಸಿನಿಮಾವಾದರೇನು, ಕಥೆ ಕಥೆಯೇ ಎಂಬುದು ಅವಳ ವಾದ.

ಅವಳ ಕಥೆಗಳಲ್ಲಿ ಸತ್ತವರು ಯಾರೂ ಇಲ್ಲ. ಹೊಳೆಗೆ ಬಿದ್ದವನು ಈಜಿ ಬರುತ್ತಿದ್ದ, ಗುಂಡು ತಗುಲಿದವನು ಆಸ್ಪತ್ರೆಯಿಂದ ಎದ್ದು ಬರುತ್ತಿದ್ದ. "ನಿನ್ನ ಕೈಗೆ ಸಿಕ್ರ ಯಮನೂ ಬರಿಗೈಲೆ ಹೋಗ್ತಾನ ನೋಡು" ಎಂದು ಪಾಲಪ್ಪ ನಗುತ್ತಿದ್ದ.

ಒಂದು ಅಮಾವಾಸ್ಯೆ ಹೀಗೆಯೇ ಸಿನಿಮಾ ನಡೆದಿತ್ತು. ದೊಡ್ಡ ಬಂಗಲೆ, ಬಿಳಿ ಕೋಟಿನ ಗಂಡ ಕಾರು ಹತ್ತಿ ಪರಊರಿಗೆ ಹೋಗುತ್ತಾನೆ. ಸಂಜೆ ಫೋನು ಬರುತ್ತದೆ. ಹೆಂಡತಿಯ ಕೈಯಿಂದ ಫೋನು ಜಾರಿ ಬೀಳುತ್ತದೆ. ಅಲ್ಲಿಗೆ ಮೊದಲ ಸೀಡಿ ಮುಗಿಯಿತು, ಎರಡನೆಯದು ಎಂದಿನಂತೆ ಸಿಕ್ಕಿಕೊಂಡಿತು. "ಮುಂದೇನಾತವ್ವಾ?" ಎಂದು ಹುಸೇನಮ್ಮ ಕೇಳುವುದಕ್ಕೂ ಒಳಗಿನಿಂದ ವಾಸನೆ ಬರುವುದಕ್ಕೂ ಸರಿಹೋಯಿತು. ಹೋಳಿಗೆಯ ಹೂರಣ ತಳ ಹಿಡಿದು ಕರಿಯಾಗಿತ್ತು. ತಾಯಕ್ಕನ ಪಿತ್ತ ನೆತ್ತಿಗೇರಿತು. ಪಾತ್ರೆ ಕೆರೆಯುತ್ತ ಒಳಗಿನಿಂದಲೇ ಕೂಗಿದಳು:

"ಇವತ್ತ ಆಗಂಗಿಲ್ಲ, ಏಳ್ರಿ ಎಲ್ಲಾರೂ. ಉಳದದ್ದು ನಾಳಿಗೆ ಹೇಳ್ತೀನಿ."

ಎರ್ರೆಪ್ಪ ಕಣ್ಣುಜ್ಜಿಕೊಂಡು ಎದ್ದ. "ಏನಕ್ಕ, ಮಂಗಳಾರತಿ ಇಲ್ದನ ಕಳಸಾಕತ್ತಿ?" ಎಂದು ನಕ್ಕು ಚಪ್ಪಲಿ ಮೆಟ್ಟಿಕೊಂಡ.

ಮರುದಿನ ಘಾಟಿನ ತಿರುವಿನಲ್ಲಿ ಅವನ ಲಾರಿ ಉರುಳಿತು. ಸುದ್ದಿ ಬಂದದ್ದೂ ಫೋನಿನಲ್ಲೇ.

"ಹೇರಿದ್ದು ಜಾಸ್ತಿ ಆತು, ಬ್ರೇಕ್ ಹಿಡೀಲಿಲ್ಲ. ನಿನ್ನ ಶುಭಂ ಏನ್ ಮಾಡ್ತಿತ್ತು ಅದಕ್ಕ?" ಎಂದು ಪಾಲಪ್ಪ ಹೇಳಿ ಹೇಳಿ ಸೋತ. ತಾಯಕ್ಕನಿಗೂ ಬುದ್ಧಿಗೆ ತಿಳಿಯುತ್ತಿತ್ತು. ಮನಸ್ಸು ಒಪ್ಪುತ್ತಿರಲಿಲ್ಲ. ಉಚ್ಚಂಗೆಮ್ಮ ಗಂಡನನ್ನು ಮಣ್ಣು ಮಾಡಿದ ದಿನವೂ ಅಳಲಿಲ್ಲ, ಆಮೇಲೂ ಅಳಲಿಲ್ಲ, ತಾಯಕ್ಕನ ಹೊಸ್ತಿಲು ತುಳಿಯಲೂ ಇಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ತಾಯಕ್ಕ ನಲ್ಲಿಯ ಹತ್ತಿರ ಕಾದು ನಿಲ್ಲುತ್ತಿದ್ದಳು. ಉಚ್ಚಂಗೆಮ್ಮ ಬರುವಳು, ಕೊಡ ತುಂಬಿಕೊಂಡು ತಲೆ ಬಗ್ಗಿಸಿ ಹೋಗುವಳು. ನನ್ನ ಮೇಲೆಯೇ ತಪ್ಪು ಹೊರಿಸಿದ್ದಾಳೆ, ಇನ್ನು ಈ ಜನ್ಮದಲ್ಲಿ ಮಾತಾಡುವುದಿಲ್ಲ ಎಂದು ತಾಯಕ್ಕ ತೀರ್ಮಾನಿಸಿದಳು. ತಂಗಿಗಿಂತ ಹೆಚ್ಚಿನವಳು ಅವಳು. ಟಿವಿಯ ಮೇಲೆ ಹಳೇ ಸೀರೆ ಹೊದಿಸಿದಳು. ಓಣಿಗೆ ಓಣಿಯೇ ಮೂಕವಾಯಿತು.

ಕೆಲವು ತಿಂಗಳು ಕಳೆದ ಮೇಲೆ ಒಂದು ಅಮಾವಾಸ್ಯೆಯ ಮಧ್ಯಾಹ್ನ ಉಚ್ಚಂಗೆಮ್ಮ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಕೋಲೂರಿಕೊಂಡು ಹುಸೇನಮ್ಮ. ತಾಯಕ್ಕ ಸರಿದು ದಾರಿ ಬಿಟ್ಟಳು. ಉಚ್ಚಂಗೆಮ್ಮ ಒಳಗೆ ಬಂದು, ತನ್ನ ಹಳೆಯ ಜಾಗದಲ್ಲಿ, ಗೋಡೆಯ ಪಕ್ಕ ಕೂತಳು.

"ಟಿವಿ ಹಚ್ಚಲೇನು?"

"ಬ್ಯಾಡ. ಅವತ್ತಿಂದು ಉಳದೈತಲ್ಲ, ಅದನ್ನ ಹೇಳಕ್ಕ."

ತಾಯಕ್ಕನ ನಾಲಿಗೆಗೆ ಕಥೆಯ ಬರಗಾಲ ಎಂದೂ ಬಂದದ್ದಿಲ್ಲ. "ಫೋನಿನಾಗ ಹೇಳಿದ್ದು ಸುಳ್ಳಂತ. ಅಂವ..." ಎಂದವಳು ಉಚ್ಚಂಗೆಮ್ಮನ ಬರಿಗೊರಳು ನೋಡಿ ನಿಂತಳು. ಗಂಡ ಬಂದ ಎಂದರೆ ಇವಳ ಮುಖಕ್ಕೆ ಹೊಡೆದಂತೆ, ಬರಲಿಲ್ಲ ಎಂದರೆ ಎರ್ರೆಪ್ಪನನ್ನು ಇನ್ನೊಮ್ಮೆ ಸಾಯಿಸಿದಂತೆ.

"ಅಂವ ಬರಂಗಿಲ್ಲಕ್ಕ, ಅದು ನನಗ ಗೊತ್ತೈತಿ," ಎಂದಳು ಉಚ್ಚಂಗೆಮ್ಮ. "ಆಕಿ ಏನ್ ಮಾಡಿದ್ಲು, ಅದನ್ನ ಹೇಳು."

ತಾಯಕ್ಕ ತಬ್ಬಿಬ್ಬಾದಳು. ಇಷ್ಟು ವರ್ಷ ಎಷ್ಟು ಗಂಡಂದಿರನ್ನು ಮನೆಗೆ ಕರೆತಂದಿದ್ದಳು! ಫೋನು ಕೈಯಿಂದ ಬಿದ್ದ ಮೇಲೆ ಆ ಹೆಣ್ಣು ಎದ್ದು ಏನು ಮಾಡುತ್ತಾಳೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ತಡವರಿಸುತ್ತ ಶುರುಮಾಡಿದಳು.

"ಗೂಟಕ್ಕ ಅವನ ಅಂಗಿ ಐತಿ. ಕೆಂಧೂಳು ಹತ್ತಿದ ಅಂಗಿ. ಆಕಿಗೆ ಅದನ್ನ ತೊಳಿಯಾಕ ಮನಸಾಗವಲ್ದು."

"ಸಿನಿಮಾದಾಗ ಕೆಂಧೂಳು ಎಲ್ಲಿತ್ತವ್ವಾ?" ಎಂದಳು ಹುಸೇನಮ್ಮ. "ಅಂವ ಬಿಳೀ ಕೋಟು ಹಾಕ್ಕೊಂಡಿದ್ದ."

"ಇತ್ತು. ನೀ ಸುಮ್ನಿರಬೇ," ಎಂದಳು ಉಚ್ಚಂಗೆಮ್ಮ. "ಮುಂದ?"

"ಮಂದಿ ಬಂದು ಅಳು ಅಂತಾರ. ಆಕಿಗೆ ಅಳು ಬರಂಗಿಲ್ಲ. ಗೆಳತಿ ಮ್ಯಾಲ ಸಿಟ್ಟೈತಿ. ಮಾತು ಅರ್ಧಕ್ಕ ಬಿಟ್ಲು, ಅದಕ್ಕ ಹಿಂಗಾತು ಅಂತ ಸಿಟ್ಟು."

"ತಪ್ಪ ಹೇಳಾಕತ್ತಿ ನೀನು," ಉಚ್ಚಂಗೆಮ್ಮನ ದನಿ ಒಡೆಯಿತು. "ಸಿಟ್ಟಲ್ಲಕ್ಕ ಅದು. ಗೆಳತಿ ಮನಿಗೆ ಹೋದ್ರ, ಗ್ವಾಡಿಗೆ ಒರಗಿ ಗೊರಕಿ ಹೊಡಿಯಾಂವ ಇರಂಗಿಲ್ಲಲ್ಲ. ಅದಕ್ಕ ಹೋಗಲಿಲ್ಲ ಆಕಿ."

ಹೇಳುತ್ತ ಹೇಳುತ್ತ ಗೋಡೆಗೆ ಕೈಯಿಟ್ಟಳು. ಅಲ್ಲಿ ಎರ್ರೆಪ್ಪನ ತಲೆಯೆಣ್ಣೆಯ ಕಲೆ ಹಾಗೆಯೇ ಇತ್ತು. ಅಂದಿನಿಂದ ಬಾರದೆ ನಿಂತಿದ್ದ ಅಳು ಆಗ ಬಂತು. ತಾಯಕ್ಕ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ತಾನೂ ಅತ್ತಳು. ಲಾರಿ ಪೂಜೆ ಮುಗಿಸಿ ಬಂದು ಹೊಸ್ತಿಲಲ್ಲಿ ಕೂತಿದ್ದ ಪಾಲಪ್ಪ ಮುಖ ಆಚೆಗೆ ತಿರುಗಿಸಿದ.

ಸ್ವಲ್ಪ ಸಮಾಧಾನವಾದ ಮೇಲೆ ಹುಸೇನಮ್ಮ ಮೆಲ್ಲಗೆ, "ಶುಭಂ ಅನ್ನವ್ವಾ, ಏಳ್ತೀನಿ. ಮೊಣಕಾಲು ಹಿಡದಾವು" ಎಂದಳು. ತಾಯಕ್ಕ ಕೈಮುಗಿದಳು. ಬಾಯಿ ತೆರೆದಳು. ಆ ಮಾತು ಹೊರಗೆ ಬರಲಿಲ್ಲ.

ಉಚ್ಚಂಗೆಮ್ಮ ಮುಖ ಒರೆಸಿಕೊಂಡು ಎದ್ದಳು. "ಈಗ ಬ್ಯಾಡಕ್ಕ," ಎಂದಳು. "ಉಳದದ್ದು ನಾಳಿಗೆ ಹೇಳು."

ಮರುದಿನ ತಾಯಕ್ಕ ಅಡುಗೆ ಬೇಗ ಮುಗಿಸಿ, ಒಲೆ ಆರಿಸಿ, ಬಾಗಿಲು ತೆಗೆದಿಟ್ಟು ಕಾದಳು. ಒಲೆಯ ಮೇಲೆ ಏನನ್ನೂ ಬಿಟ್ಟಿರಲಿಲ್ಲ.