ಕೊಟ್ರೇಶಪ್ಪ ಸರ್ ಸಾಕಿದ ಸಸ್ಯಾಹಾರಿ

…ಅಥವಾ ಮೀನಿದ್ದ ಗಾಜಿನ ಭರಣಿ ಕಿಟಕಿಯಲ್ಲಿ ಇರಲೇ ಇಲ್ಲವೇನೋ. ಬಿಸಿಲಿಲ್ಲದೆ ಪಾಚಿ ಬೆಳೆಯುವುದಿಲ್ಲ, ಅದಕ್ಕೇ ನಾನು ಅದನ್ನು ಕಿಟಕಿಯಲ್ಲಿಟ್ಟು ನೆನೆಯುತ್ತಿರಬಹುದು. ಮೀನಂತೂ ಇತ್ತು: ಹೆಬ್ಬೆರಳಿಗಿಂತ ಚಿಕ್ಕದು, ಕೆಂಪು ಮೈ, ಕಪ್ಪು ಬಾಲ. ಅದರತ್ತ ಮುಖ, ನಮ್ಮತ್ತ ಬೆನ್ನು ಮಾಡಿ ಕೂಡುತ್ತಿದ್ದ ಕೊಟ್ರೇಶಪ್ಪ ಸರ್ ಕೂಡ ಇದ್ದರು.

ಕೂಡ್ಲಿಗಿಯ ತಮ್ಮ ಮನೆಯ ಪಡಸಾಲೆಯಲ್ಲೇ ಅವರು ಟೈಪಿಂಗ್ ಕಲಿಸುತ್ತಿದ್ದರು. ತೊಂಬತ್ತರ ದಶಕದ ಕೊನೆ. ನಾನು ಜೂನಿಯರ್ ಪರೀಕ್ಷೆಗೆ ತಯಾರಾಗುತ್ತಿದ್ದೆ. ತಿರುಗಿ ನೋಡದೆ ಸದ್ದಿನಲ್ಲೇ ತಪ್ಪು ಹಿಡಿಯುತ್ತಿದ್ದರು. “ಮೂರನೇ ಮಷೀನು, ಕಿರುಬೆರಳು ಮಲಗೈತೇನು? ಎಬ್ಬಿಸವ್ವಾ!”

ಲಿಂಗ ಕಟ್ಟಿದವರ ಮನೆಯಲ್ಲಿ ಮೀನು. ಓಣಿಯವರು ಬಿಡುತ್ತಾರೆಯೇ? “ಸಾರು ಯಾವಾಗ್ರಿ ಸರ?” ಸರ್ ನಗುತ್ತಿರಲಿಲ್ಲ. “ಪಾಚಿ ತಿಂತೈತ್ರಿ, ಬರೇ ಪಾಚಿ. ನಿಮಗಿಂತ ಮಡಿ.”

ಅವರ ತಾಯಿ ಗುರುಬಸವ್ವ ಅದೊಂದೇ ಮಾತಿಗೆ ಒಪ್ಪಿದ್ದರು. “ಜೀವ ತಿನ್ನೋದು ನನ್ನ ಕಣ್ಣಿಗೆ ಬಿತ್ತೋ, ಅವತ್ತೇ ಹೊರಗ, ಕೊಟ್ರಾ.” ದಿನಾ ಪೂಜೆ ಮುಗಿಸಿ ಬಂದು, ವಿಭೂತಿಯ ಹಣೆಯನ್ನು ಗಾಜಿಗೆ ತಾಗಿಸಿ ನೋಡುತ್ತಿದ್ದರು. ಒಮ್ಮೆ ನೀರಿಗೆ ಬಿದ್ದ ಸೊಳ್ಳೆಯನ್ನು ಸರ್ ಚಮಚದಲ್ಲಿ ತೆಗೆದರು. ಚಮಚದ ನೀರೆಲ್ಲ ನನ್ನ ಹಾಳೆಯ ಮೇಲೆ. ನಲವತ್ತು ದಾಟಿದ, ಮದುವೆಯಾಗದ ಅವರು ಮೆಲ್ಲಗೆ ಅಂದರು: “ಈ ಮನ್ಯಾಗ ನಾ ಬೇಕಂತ ತಂದಿದ್ದು ಇದೊಂದನ್ನ, ತಂಗಿ.”

ಆಮೇಲೆ ಆ ಬೆಳಿಗ್ಗೆ. ಮೀನು ಮರಿ ಹಾಕಿತ್ತು. ಮೊಟ್ಟೆಯಿಡದೆ ಮರಿಯನ್ನೇ ಹಾಕುವ ಜಾತಿಯಂತೆ; ತರುವಾಗಲೇ ಬಸಿರಿತ್ತೇನೋ. ಎಳ್ಳಿನಷ್ಟು ಮರಿಗಳು, ಹನ್ನೆರಡೋ ಇಪ್ಪತ್ತೋ. ಒಳಗೆ ಪೂಜೆಯ ಗಂಟೆ ಕೇಳುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಹೆತ್ತ ಮೀನು ಒಂದು ಮರಿಯನ್ನು ನುಂಗಿತು. ಮತ್ತೆ ಇನ್ನೊಂದನ್ನು.

“ಅಡ್ಡ ನಿಂದ್ರು ತಂಗಿ,” ಎಂದರು ಸರ್. ಚಮಚದಿಂದ ಮರಿಗಳನ್ನು ಲೋಟಕ್ಕೆ ಹಾಕಲು ನೋಡುತ್ತಿದ್ದರು, ಅವು ಸಿಗುತ್ತಿರಲಿಲ್ಲ. “ಉಳಿದವರು ಟೈಪ್ ಹೊಡೀರಿ, ಜೋರಾಗಿ!”

ಗಂಟೆ ನಿಂತಿತು. ಗುರುಬಸವ್ವ ಬಂದರು.

“ಏನೋ ಅದು?”

“ನೀರು ಬದಲಿಸ್ತೀನವ್ವಾ.”

ಅವರು ಮಗನನ್ನು ನೋಡಲಿಲ್ಲ, ನನ್ನನ್ನು ನೋಡಿದರು. “ನೀ ಹೇಳವ್ವಾ. ಏನ್ ತಿಂತು ಅದು?”

ಮರುದಿನ ಭರಣಿ ಇರಲಿಲ್ಲ. ಕೆರೆಗೆ ಬಿಟ್ಟೆ ಎಂದರು ಸರ್. ಆ ಬೇಸಿಗೆಯಲ್ಲಿ ಕೆರೆಯಲ್ಲಿ ನೀರಿತ್ತೇ?

ಕೊನೆಯ ಸಲ ಅವರು ಸಿಕ್ಕಿದ್ದು ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ. “ನೌಕರಿ ಸಿಕ್ತೇನವ್ವಾ?” ಎಂದು ಕೇಳಿದರು. ಮೀನಿನ ಬಗ್ಗೆ ನಾನು ಕೇಳಬೇಕಾದದ್ದನ್ನು ಕೇಳುವಷ್ಟರಲ್ಲಿ ಅವರ ಬಸ್ಸು ಬಂತು. ಬಸ್ಸು ಬರದಿದ್ದರೂ ಕೇಳುತ್ತಿರಲಿಲ್ಲವೇನೋ.

ಅಂದು ಗುರುಬಸವ್ವನಿಗೆ ನಾನು ಏನು ಹೇಳಿದೆ? ಪಾಚಿ ಅಂದಿರಬಹುದು. ಮರಿ ಅಂದಿರಬಹುದು. ನನಗೆ ಗೊತ್ತಿಲ್ಲ.