ಕವಡೆಗೆ ಅರಗು ತುಂಬಿದವಳು

ಕವಡೆಯೊಳಗೆ ಅರಗು ತುಂಬಿದವಳು ನಾನು. ಕೆಂಪಮ್ಮನಲ್ಲ. ಇಷ್ಟು ಹೇಳಲು ನನಗೆ ಒಂಬತ್ತು ವರ್ಷ ಬೇಕಾಯಿತು — ಅದನ್ನು ನೆನೆದರೆ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಕಾಲ. ಕೊಳ್ಳೇಗಾಲದಲ್ಲಿ ಶಿಕ್ಷಕರ ತರಬೇತಿಗೆ ಬಂದ ನಾಲ್ವರು ಹುಡುಗಿಯರು ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೆವು. ನಾನು ಮಧುವನಹಳ್ಳಿಯ ಜಮೀನಿದ್ದ ಮನೆಯವಳು. ನಾಗರತ್ನ, ಸುಂದ್ರಮ್ಮ ಕೂಡ ಅಂಥ ಮನೆಗಳವರೇ. ಕೆಂಪಮ್ಮ ಯಳಂದೂರಿನ ಕಡೆಯ ಒಂದು ಊರಾಚೆ ಕೇರಿಯ ಹುಡುಗಿ. ನಾಲ್ವರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದೆವು. ಅದು ಆಗ ಸಣ್ಣ ಮಾತಲ್ಲ.

ಭಾನುವಾರ ಮಧ್ಯಾಹ್ನಗಳಿಗೆಂದು ಕೆಂಪಮ್ಮನೇ ಒಂದು ಆಟ ಕಟ್ಟಿದ್ದಳು. ನಾವು ಮೂವರು ಕತೆಯೊಳಗಿನ ಜನವಾಗಬೇಕು — ಬೇಟೆಗಾರ್ತಿ, ನಾಟಿ ವೈದ್ಯೆ, ದೊರೆಮಗಳು. ಕಾಡು, ಹೊಳೆ, ಕಳ್ಳರ ಗವಿ ಎಲ್ಲ ಅವಳ ಬಾಯಲ್ಲಿ. ಮೊದಲು ನಮ್ಮ ನಮ್ಮ ಗುಣಗಳನ್ನು ಗೊತ್ತುಮಾಡಿಕೊಳ್ಳಬೇಕು: ಬಲ, ಬುದ್ಧಿ, ಧೈರ್ಯ, ಮಾತು. ಒಂದೊಂದಕ್ಕೂ ಆರು ಕವಡೆ ಎಸೆಯಬೇಕು. ಬಾಯಿ ಮೇಲಾಗಿ ಎಷ್ಟು ಬೀಳುತ್ತವೋ ಅಷ್ಟು ಅಂಕ. ಆಮೇಲೆ ಆಟವಿಡೀ ಅದೇ ನಮ್ಮ ಶಕ್ತಿ.

ಬಲಕ್ಕೆ ನನಗೆ ಒಂದೇ ಬಿತ್ತು. ಬುದ್ಧಿಗೆ ಎರಡು. ಮುಖ ಊದಿಸಿಕೊಂಡು ಕೂತೆ. ಅವಳು ನಿಯಮ ಬದಲಿಸಿದಳು — ನಾಲ್ಕು ಸಲ ಬಿದ್ದ ಅಂಕಗಳನ್ನು ಬೇಕಾದ ಗುಣಕ್ಕೆ ಇಟ್ಟುಕೊಳ್ಳಬಹುದು. ಅದಕ್ಕೂ ಗೊಣಗಿದೆ. ಕೊನೆಗೆ ಅವಳು ನಕ್ಕು ಹೇಳಿದಳು: "ಆಗಾದ್ರೆ ಕವಡೇನೇ ಬ್ಯಾಡ ಕಣಮ್ಮಿ. ಎಲ್ರಿಗೂ ಒಂದೇ ಸಮ ಅನ್ನೆರಡು. ನಿಮಗೆ ಬೇಕಾದಂಗೆ ಅಂಚ್ಕಳಿ."

ಇದಕ್ಕಿಂತ ನ್ಯಾಯ ಯಾವುದಿದೆ? ಆದರೆ ನಾನು ಒಪ್ಪಲಿಲ್ಲ. ಕವಡೆಯೇ ಇರಲಿ ಎಂದು ಹಟ ಹಿಡಿದೆ. ಆ ಕೇರಿಯ ಹುಡುಗಿ ಅಳೆದು ಕೊಟ್ಟಷ್ಟನ್ನು ನಾನು ತೆಗೆದುಕೊಳ್ಳಬೇಕು — ಆ ಸಮ ನನಗೆ ಬೇಕಿರಲಿಲ್ಲ. ಅದನ್ನು ಅಂದು ನನಗೆ ನಾನೇ ಹೇಳಿಕೊಂಡಿರಲಿಲ್ಲ, ಅಷ್ಟೆ.

ಊರಿಗೆ ಹೋದಾಗ ಅಜ್ಜಿಯ ಪೆಟ್ಟಿಗೆಯಿಂದ ಆರು ಕವಡೆ ತಂದೆ. ಲಕೋಟೆಗೆ ಮುದ್ರೆ ಒತ್ತುವ ಅರಗನ್ನು ಕರಗಿಸಿ, ಬೆನ್ನಿನ ಕಡೆ ಭಾರವಾಗಿ ನಿಲ್ಲುವಂತೆ ಒಳಗೆ ಬಿಟ್ಟೆ. ಮುಂದಿನ ಆಟದಲ್ಲಿ ಅವನ್ನು ಸೆರಗಿನ ಮರೆಯಲ್ಲಿ ಅವಳ ಕವಡೆಗಳ ಜಾಗಕ್ಕೆ ತಂದೆ. ಆರು, ಐದು, ಆರು, ಆರು! ಗೆದ್ದ ಅಮಲಿನಲ್ಲಿ ತಿರುಗಿ ಬದಲಿಸುವುದನ್ನೇ ಮರೆತೆ. ಕಳ್ಳರ ನಾಯಕನ ಬಲಕ್ಕೆಂದು ಕೆಂಪಮ್ಮ ಎಸೆದಳು — ಆರು. ನಾಗರತ್ನ ಒಂದನ್ನು ಕೈಗೆತ್ತಿಕೊಂಡು ತೂಗಿ ನೋಡಿದಳು. ಕಲ್ಲಿನಿಂದ ಕುಟ್ಟಿದಳು. ಒಳಗಿಂದ ಕೆಂಪು ಅರಗು.

"ಇಂತೋರ್ನ ಪಕ್ಕದಲ್ಲಿ ಕೂರಿಸ್ಕಂಡ್ರೆ ಇಂಗೇ," ಎಂದಳು ನಾಗರತ್ನ, ಕೆಂಪಮ್ಮನನ್ನೇ ನೋಡುತ್ತ.

ಕೆಂಪಮ್ಮ ನನ್ನ ಕಡೆ ತಿರುಗಿದಳು. "ಗೌರಿ, ನೀನಾದ್ರೂ ನಿಜ ಏಳು. ನಾನ್ ಮಾಡಿದ್ನಾ?"

ನಾನು ಹೇಳಿದೆ — "ಕವಡೆ ನಿಂದು ತಾನೆ? ನನ್ನ ಯಾಕ್ ಕೇಳ್ತೀ?"

ಅವಳು ಒಡೆದ ಚೂರನ್ನೂ ಮುಟ್ಟದೆ ಎದ್ದು ಹೋದಳು.

ಮಾರನೆಯ ದಿನ ವಾರ್ಡನ್ನಿಗೆ ದೂರು ಹೋಯಿತು. ಕೆಂಪಮ್ಮನ ಹಾಸಿಗೆ ಉಗ್ರಾಣದ ಪಕ್ಕದ ಕೋಣೆಗೆ ಹೋಯಿತು. ತಟ್ಟೆ ಬೇರೆಯಾಯಿತು. ಅವರಿಗೆಲ್ಲ ಒಂದು ನೆಪ ಬೇಕಾಗಿತ್ತು, ನಾನು ಒದಗಿಸಿದೆ. ತರಬೇತಿ ಮುಗಿದಾಗ ಅವಳ ನಡತೆಯ ಕಾಗದದಲ್ಲಿ ವಂಚನೆಯ ಸ್ವಭಾವ ಎಂದು ಬರೆದಿದ್ದರು. ನನಗೆ ಹನೂರಿನಲ್ಲಿ ಕೆಲಸ ಸಿಕ್ಕಿತು. ಅವಳಿಗೆ ಬಸ್ಸು ಹೋಗದ ಊರಿನ, ಒಬ್ಬರೇ ಪಾಠ ಮಾಡುವ ಶಾಲೆ.

ಹೋದ ವರ್ಷ ಯಳಂದೂರಿನಲ್ಲಿ ಮಕ್ಕಳ ಆಟೋಟಕ್ಕೆ ಅವಳೂ ಬಂದಿದ್ದಳು. ಬೇವಿನ ಮರದ ಕೆಳಗೆ ಒಬ್ಬಳೇ ಕಂಡಾಗ ಹತ್ತಿರ ಹೋದೆ. "ಕೆಂಪಮ್ಮ, ಆ ಕವಡೆ..." ಎಂದೆ.

"ಅವತ್ತೇ ಗೊತ್ತಿತ್ತು ಕಣೆ," ಎಂದಳು. "ನಿನ್ನ ಉಗುರು ಸಂದೀಲಿ ಅರಗಿತ್ತು."

"ಮತ್ಯಾಕೆ ಸುಮ್ನಿದ್ದೆ?"

"ಏಳಿದ್ರೆ ನನ್ನ ಮಾತ ಯಾರ್ ನಂಬೋರು? ನೀನೇ ಏಳ್ಬೇಕಿತ್ತು. ಈಗ ನಂಗ್ ಏಳಿ ಏನ್ ಮಾಡ್ತೀಯೆ — ನಂಗ್ ಗೊತ್ತಿರೋದ್ನೇ? ಅವತ್ತು ಕೂತು ನೋಡಿದ್ರಲ್ಲ, ಅವ್ರಿಗ್ ಏಳೋಗು." ಅವಳ ದನಿ ಏರಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೊರಟುಹೋದಳು.

ಆ ತಿಂಗಳು ಹನೂರಿನ ಶಿಕ್ಷಕರ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಆ ಕಡೆಯ ಶಾಲೆಗಳಲ್ಲೇ ಕೆಲಸಕ್ಕಿದ್ದ ನಾಗರತ್ನ, ಸುಂದ್ರಮ್ಮ ಎದುರಿಗೇ ಇದ್ದರು. ನಾಗರತ್ನ ನನ್ನ ಸೆರಗು ಎಳೆದು, "ಹುಡುಗಾಟದ ವಿಸ್ಯ, ಈಗ್ಯಾಕಮ್ಮಿ?" ಎಂದಳು. ಅವಳ ಕೈ ಕೊಡವಿಕೊಂಡೆ. ಯಾರ ತಟ್ಟೆ ಬೇರೆಯಾಯಿತು, ಯಾಕಾಯಿತು ಎಂಬುದನ್ನೂ ಹೇಳಿದೆ. ನಡತೆಯ ಕಾಗದ ತಿದ್ದಬೇಕೆಂದು ಕಚೇರಿಗೆ ಅರ್ಜಿ ಬರೆದು, ಆಗಿನ ವಾರ್ಡನ್ನಿಗೂ ಒಂದು ಪ್ರತಿ ಕಳಿಸಿದ್ದೇನೆ. ಉತ್ತರ ಬಂದಿಲ್ಲ. ಮತ್ತೆ ಬರೆಯುತ್ತೇನೆ.

ಕೆಂಪಮ್ಮನಿಗೆ ಮಾತ್ರ ಬರೆದಿಲ್ಲ. ಕ್ಷಮಿಸು ಎಂದು ಕೇಳಿ, ನನ್ನನ್ನು ಸಮಾಧಾನ ಮಾಡುವ ಕೆಲಸವನ್ನೂ ಅವಳ ತಲೆಗೆ ಕಟ್ಟಲಾರೆ.