ತರೀಕೆರೆಯ ಗೋಡೆ ನಕ್ಷೆ

ಜಾಹೀರಾತಿಗೆ ಚಿತ್ರ ಬರೆಯುವುದು ನನ್ನ ಕೆಲಸ. ಆರು ತಿಂಗಳಿಂದ ಒಂದು ಗೆರೆಯೂ ಹುಟ್ಟಿಲ್ಲ. ತರೀಕೆರೆ ಬಸ್‌ಸ್ಟ್ಯಾಂಡಿನ ಎದುರಿನ ಗೋಡೆಯ ಮೇಲೆ ಯಾರೋ ಕೈಯಲ್ಲೇ ಬರೆದ ತಾಲ್ಲೂಕಿನ ನಕ್ಷೆಯಿದೆ ಎಂದು ಕೇಳಿ, ಅದನ್ನಾದರೂ ನೋಡಿ ಬರೆಯೋಣವೆಂದು ಬಂದೆ. ಬಂದರೆ, ವಯಸ್ಸಾದ ಸಾಬರೊಬ್ಬರು ಏಣಿ ಹತ್ತಿ ಅದಕ್ಕೆ ಸುಣ್ಣ ಬಳಿಯಲು ಆಗಷ್ಟೇ ಶುರುಮಾಡಿದ್ದಾರೆ.

"ಯಾಕೆ ಸಾಬ್ರೇ, ಅಳಿಸ್ತಿದೀರಿ?"

"ಫ್ಲೆಕ್ಸ್ ಹಾಕ್ತಾರಂತೆ. ಬರ್ದೋನೂ ನಾನೇ ಕಣ್ರೀ. ಅಳ್ಸಕ್ಕೂ ನನ್ನೇ ಕರುದ್ರು."

ನಕ್ಷೆ ತಲೆಕೆಳಗಾಗಿತ್ತು. ದಕ್ಷಿಣದ ಬೆಟ್ಟ, ಹೆಬ್ಬೆ ಜಲಪಾತ, ಲಿಂಗದಹಳ್ಳಿ ಎಲ್ಲವೂ ಮೇಲುಗಡೆ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು.

"ಬೆಟ್ಟನ ಯಾರಾದ್ರೂ ಕೆಳಗಡೆ ಬರೀತಾರಾ?"

ಇಷ್ಟು ಓದಿ, ಊರೂರು ಅಲೆದರೂ ನನಗೆ ಇದು ಹೊಳೆದಿರಲಿಲ್ಲ. ಬರೆದುಕೊಳ್ಳಲು ಚಿತ್ರದ ಪುಸ್ತಕ ತೆಗೆದೆ. ಅಷ್ಟರಲ್ಲಿ ಏಣಿ ಅಲುಗಾಡಿತು. "ಒಸಿ ಹಿಡ್ಕಳಿ," ಎಂದರು. ಪುಸ್ತಕವನ್ನು ಚೀಲಕ್ಕೆ ತುರುಕಿ ಎರಡೂ ಕೈಯಲ್ಲಿ ಹಿಡಿದೆ.

ಸುಣ್ಣವನ್ನು ಮೇಲಿನಿಂದಲೇ ಬಳಿಯಬೇಕು. ಹಾಗಾಗಿ ಮೊದಲು ಬೆಟ್ಟ ಹೋಯಿತು, ಆಮೇಲೆ ಜಲಪಾತ, ಲಿಂಗದಹಳ್ಳಿಯ ರಸ್ತೆ. ಕೊನೆಗೆ ನಾವು ನಿಂತಿದ್ದ ಬಸ್‌ಸ್ಟ್ಯಾಂಡಿಗೆ ಅವರು ಇಟ್ಟಿದ್ದ ಕೆಂಪು ಚುಕ್ಕಿ.

"ನಂಗೆ ಕಣ್ಣು ಮಂಜು. ಹೋಯ್ತಾ ನೋಡಿ ಹೇಳ್ರೀ."

"ಇನ್ನೂ ಕಾಣ್ತಿದೆ," ಎಂದುಬಿಟ್ಟೆ, ಗೋಡೆ ಪೂರ್ತಿ ಬೆಳ್ಳಗಾಗಿದ್ದರೂ.

"ಕೆಂಪು ಹಂಗೇನೇ," ಎಂದು ಅವರು ಬ್ರಷ್ ಅದ್ದಿ ಮತ್ತೆ ಬಳಿದರು.

"ಈಗ?"

"ಹೋಯ್ತು."